ಕಿವಿಗೆ ಕೇಳಿದ್ದನ್ನು ಕಾಗದಕ್ಕೆ ತರೋ ಕೆಲಸ

"ಏನಮ್ಮಾ ಕೆಲಸ ಮಾಡ್ತೀಯ?" ಅಂತ ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ "ಸದ್ದು ಅಳೀತೀನಿ" ಅನ್ನುತ್ತೇನೆ. ಅರ್ಧ ಜನ ನಗುತ್ತಾರೆ. ಉಳಿದರ್ಧ ಜನ ಫೋನ್ ತೆಗೆದು "ಅದಕ್ಕೆ ಆ್ಯಪ್ ಇದೆಯಲ್ಲ?" ಅನ್ನುತ್ತಾರೆ. ಈ ಎರಡನೇ ಗುಂಪಿನವರಿಗೆ ಒಮ್ಮೆ ಸಮಾಧಾನವಾಗಿ ಉತ್ತರ ಕೊಡಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು.

ನಾನಿರುವುದು ಬೆಂಗಳೂರಿನ ಒಂದು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ. ಜನರೇಟರ್, ಲಿಫ್ಟು, ನೀರಿನ ಪಂಪು, ಪಕ್ಕದ ಮನೆಯ ಟಿವಿ, ಮೇಲಿನ ಮನೆಯವರು ಎಳೆಯೋ ಕುರ್ಚಿ, ಇವೆಲ್ಲದರ ಶಬ್ದವನ್ನೂ ಕಂಪನವನ್ನೂ ಅಳೆದು ವರದಿ ಕೊಡುವುದು ನಮ್ಮ ಕೆಲಸ. ಫೋನಿನ ಮೈಕು ಮಾತು ಚೆನ್ನಾಗಿ ಕೇಳಲಿ ಅಂತ ಮಾಡಿದ್ದು. ಅದಕ್ಕೆ ಮಂದ್ರದ ಗುಂಯ್ ಸದ್ದು ಸರಿಯಾಗಿ ಸಿಗೋದಿಲ್ಲ. ಒಂದೇ ರೂಮಿನಲ್ಲಿ ಎರಡು ಫೋನ್ ಇಟ್ಟರೆ ಎರಡು ಲೆಕ್ಕ ತೋರಿಸುತ್ತವೆ. ಅಂದಾಜಿಗೆ ಪರವಾಗಿಲ್ಲ, ಜಗಳಕ್ಕೆ ಸಾಲದು.

ನಮ್ಮ ಮೀಟರ್ ಹಾಗಲ್ಲ. ಪ್ರತಿ ಸಲ ಅಳತೆಗೆ ಮುಂಚೆ ಅದರ ಮೈಕಿಗೆ ಒಂದು ಪುಟ್ಟ ಕ್ಯಾಲಿಬ್ರೇಟರ್ ತೊಡಿಸುತ್ತೇವೆ. ಅದು 1000 ಹರ್ಟ್ಸ್‌ನಲ್ಲಿ ಸರಿಯಾಗಿ 94 ಡೆಸಿಬಲ್ ಸದ್ದು ಮಾಡುತ್ತೆ. ಅಳತೆ ಮುಗಿದ ಮೇಲೆ ಮತ್ತೆ ಅದನ್ನೇ ಮಾಡುತ್ತೇವೆ. ಮೊದಲಿಗೂ ಕೊನೆಗೂ ಅರ್ಧ ಡೆಸಿಬಲ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಷ್ಟು ಹೊತ್ತಿನ ಕೆಲಸ ಕಸದ ಬುಟ್ಟಿಗೆ. ಆ ಕ್ಯಾಲಿಬ್ರೇಟರನ್ನೂ ಇನ್ನೊಂದು ಪ್ರಯೋಗಾಲಯ ಪರೀಕ್ಷಿಸಿರಬೇಕು. ಆ ಸರಪಳಿ ರಾಷ್ಟ್ರೀಯ ಮಾನಕದವರೆಗೆ ಹೋಗಿ ಮುಟ್ಟಬೇಕು. ಐಎಸ್ಒ/ಐಇಸಿ 17025 ಅನ್ನೋ ಮಾನದಂಡ ಹೇಳೋದು ಮುಖ್ಯವಾಗಿ ಇದನ್ನೇ: ಉಪಕರಣ, ಅಳೆಯುವ ಮನುಷ್ಯ, ವಿಧಾನ, ಲೆಕ್ಕ ಎಲ್ಲಕ್ಕೂ ಸಾಕ್ಷಿ ಇರಲಿ. ನಮ್ಮ ದೇಶದಲ್ಲಿ ಅದನ್ನು ನೋಡಿ ಮಾನ್ಯತೆ ಕೊಡೋದು ಎನ್ಎಬಿಎಲ್.

ಇಷ್ಟೆಲ್ಲ ಯಾಕೆ ಬೇಕು ಅಂತ ನನಗೆ ಚೆನ್ನಾಗಿ ಅರ್ಥವಾಗಿದ್ದು ಒಬ್ಬ ಬಾಣಂತಿಯ ಮನೆಯಲ್ಲಿ.

ಎರಡನೇ ಮಹಡಿ, ಐದು ತಿಂಗಳ ಮಗು. ರಾತ್ರಿ ಹನ್ನೊಂದರ ಮೇಲೆ ಮಲಗುವ ಕೋಣೆಯಲ್ಲಿ ಏನೋ ಗುಂಯ್ ಅನ್ನುತ್ತೆ ಅಂತ ಆಕೆಯ ದೂರು. ಗಂಡ ಮಲಗಿದರೆ ಕುಂಭಕರ್ಣ, ಅವರಿಗೆ ಕೇಳೋಲ್ಲ. ಅತ್ತೆ "ನಿದ್ದೆಗೆಟ್ಟು ಹಾಗನ್ನಿಸುತ್ತೆ ಬಿಡಮ್ಮ" ಅಂದರು. ಅಪಾರ್ಟ್‌ಮೆಂಟ್ ಸಂಘದವರು ಹಗಲು ಹೊತ್ತಿನಲ್ಲಿ ಬಂದು ನಿಂತು "ಏನೂ ಇಲ್ವಲ್ಲ ಮೇಡಂ" ಅಂದು ಹೋದರು. ನಾಲ್ಕು ತಿಂಗಳು ಹೀಗೇ ನಡೆದು, ಕೊನೆಗೆ ತನ್ನ ತಲೆಯಲ್ಲೇ ಏನೋ ತೊಂದರೆ ಇರಬೇಕು ಅಂತ ಆಕೆಗೇ ಅನುಮಾನ ಶುರುವಾಗಿತ್ತು. ನಾನು ಮೀಟರ್ ಜೋಡಿಸುವಾಗ "ನಿಮಗೂ ಕೇಳಿಸ್ತಿದೆಯಾ?" ಅಂತ ಮೆಲ್ಲಗೆ ಕೇಳಿದರು. ಕೇಳಿಸುತ್ತಿತ್ತು, ಹಾಗಂತಲೇ ಹೇಳಿದೆ. ಆದರೆ ವರದಿಯಲ್ಲಿ ನನ್ನ ಕಿವಿಗೆ ಜಾಗ ಇಲ್ಲ.

ನೆಲಮಾಳಿಗೆಯ ಪಂಪು ಆಫ್ ಮಾಡಿಸಿ ಅಳೆದೆವು, 29 ಡೆಸಿಬಲ್. ಆನ್ ಮಾಡಿಸಿದೆವು, 38. ಸಂಘದ ಕಾರ್ಯದರ್ಶಿ ತಕ್ಷಣ "ರಾತ್ರಿ ಮಿತಿ 45 ಅಲ್ವಾ? ಒಳಗೇ ಇದೆಯಲ್ಲ!" ಅಂದರು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55, ರಾತ್ರಿ 45 ಡೆಸಿಬಲ್ ಅನ್ನೋದು ನಿಜ. ಆದರೆ ಅದು ಬಡಾವಣೆಯ ಸುತ್ತಲಿನ ಪರಿಸರದ ಸದ್ದಿಗೆ ಹಾಕಿದ ಮಿತಿ. ಗೋಡೆಯೊಳಗಿಂದ ಮಂಚಕ್ಕೆ ಹತ್ತಿ ಬರೋ ಸದ್ದಿಗೆ ಅದೇ ಅಳತೆಗೋಲು ಹಿಡಿಯೋಕಾಗಲ್ಲ.

ಇನ್ನೊಂದು ಸಂಗತಿಯೂ ಇದೆ. ಮನುಷ್ಯನ ಕಿವಿಗೆ ಕೆಳಸ್ತರದ ಸದ್ದು ಕಡಿಮೆ ಕೇಳುತ್ತೆ ಅಂತ ಮೀಟರ್ ಕೂಡ 'ಎ' ಅನ್ನೋ ತೂಕ ಹಾಕಿ ಅದನ್ನು ಕಡಿಮೆ ಮಾಡಿ ತೋರಿಸುತ್ತೆ. 50 ಹರ್ಟ್ಸ್‌ನಲ್ಲಿ ಸುಮಾರು 30 ಡೆಸಿಬಲ್ ಕಳೆದುಬಿಡುತ್ತೆ. ಹಾಗಾಗಿ ಒಂದೇ ಅಂಕಿ ನೋಡಿದರೆ ಗುಂಯ್ ಸದ್ದು ಬಚ್ಚಿಟ್ಟುಕೊಳ್ಳುತ್ತೆ. ನಾವು ಸದ್ದನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಬಿಡಿಸಿದಾಗ 50 ಹರ್ಟ್ಸ್ ಪಟ್ಟಿಯಲ್ಲಿ ಒಂದು ಗೋಪುರ ಎದ್ದು ನಿಂತಿತ್ತು. ಪಂಪಿನ ಮೋಟಾರು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತೆ. 60ರಿಂದ ಭಾಗಿಸಿದರೆ ಸೆಕೆಂಡಿಗೆ 48. ಪೈಪಿನ ಕ್ಲಾಂಪಿಗೂ ಮಂಚದ ಹಿಂದಿನ ಗೋಡೆಗೂ ಕಂಪನ ಸೆನ್ಸರ್ ಅಂಟಿಸಿದೆವು. ಎರಡು ಕಡೆಯೂ ಅದೇ 48!

ಪಂಪನ್ನು ನೇರವಾಗಿ ಕಾಂಕ್ರೀಟಿಗೆ ಬೋಲ್ಟ್ ಹಾಕಿದ್ದರು, ಪೈಪನ್ನು ಗೋಡೆಗೆ ಬಿಗಿಯಾಗಿ ಕಟ್ಟಿದ್ದರು. ತಂಬೂರಿ ತಂತಿಗೆ ಬುರುಡೆ ಹೇಗೋ ಹಾಗೆ ಆ ಪೈಪಿಗೆ ಇವರ ಗೋಡೆ. ಪಂಪಿನ ಕೆಳಗೆ ರಬ್ಬರ್ ಪ್ಯಾಡು, ಪೈಪಿಗೆ ಮೆತ್ತನೆಯ ಜೋಡಣೆ, ಕ್ಲಾಂಪಿನೊಳಗೆ ರಬ್ಬರ್ ಹಾಳೆ ಹಾಕಿಸಿದ ಮೇಲೆ ಮತ್ತೆ ಹೋಗಿ ಅಳೆದಾಗ 31 ಬಂತು. ಆಕೆ ವರದಿಯ ಮೊದಲ ಪ್ರತಿ ತೆಗೆದುಕೊಂಡು ಹೋಗಿ ತೋರಿಸಿದ್ದು ಸಂಘಕ್ಕಲ್ಲ, ಅತ್ತೆಗೆ.

ಎಲ್ಲ ಕಡೆ ಕಥೆ ಹೀಗೆ ಮುಗಿಯೋದಿಲ್ಲ. ಹೊಸ ಕಟ್ಟಡಗಳಲ್ಲಿ ಎರಡು ಮನೆಗಳ ನಡುವಿನ ಗೋಡೆ ಪರೀಕ್ಷೆ ಮಾಡುತ್ತೇವೆ. ಒಂದು ಕಡೆ ದೊಡ್ಡ ಸ್ಪೀಕರ್‌ನಲ್ಲಿ ಮಳೆ ಸುರಿದ ಹಾಗೆ 'ಶ್ಶ್' ಅನ್ನೋ ಸದ್ದು ಹಾಕಿ, ಎರಡೂ ಕಡೆ ಅಳೆದು, ಗೋಡೆ ಎಷ್ಟು ತಡೆಯಿತು ಅಂತ ಲೆಕ್ಕ ಹಾಕೋದು. ನೆಲಕ್ಕೆ ಬೇರೆ ಯಂತ್ರ: ಅರ್ಧ ಕೆಜಿಯ ಐದು ಉಕ್ಕಿನ ಸುತ್ತಿಗೆಗಳು, 4 ಸೆಂಟಿಮೀಟರ್ ಎತ್ತರದಿಂದ, ಸೆಕೆಂಡಿಗೆ ಹತ್ತು ಏಟು. ಮೇಲಿನ ಮನೆಯಲ್ಲಿ ಅದು ಒನಕೆ ಕುಟ್ಟುತ್ತಿದ್ದರೆ ನಾವು ಕೆಳಗಿನ ಮನೆಯಲ್ಲಿ ಮೈಕ್ ಹಿಡಿದು ನಿಂತಿರುತ್ತೇವೆ.

ಅಂಥ ಒಂದು ಸೈಟಿನಲ್ಲಿ ಗೋಡೆ ಗುತ್ತಿಗೆಯಲ್ಲಿ ಹೇಳಿದ್ದಕ್ಕಿಂತ 2 ಡೆಸಿಬಲ್ ಕಡಿಮೆ ಬಂತು. "ಎರಡೇ ಅಲ್ವಾ ಮೇಡಂ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರು ಮ್ಯಾನೇಜರ್. ಡೆಸಿಬಲ್ ಅನ್ನೋದು ಕಿಲೋ, ಲೀಟರ್ ಥರ ಅಲ್ಲ. 60 ಡೆಸಿಬಲ್‌ನ ಎರಡು ಪಂಪು ಒಟ್ಟಿಗೆ ಓಡಿದರೆ 120 ಆಗಲ್ಲ, 63 ಆಗುತ್ತೆ. ಅಂದರೆ 3 ಡೆಸಿಬಲ್‌ಗೆ ಶಕ್ತಿ ದುಪ್ಪಟ್ಟು. 2 ಡೆಸಿಬಲ್ ಅಂದರೆ ಗೋಡೆ ದಾಟಿ ಬರೋ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು. ಅಂಕಿ ತಿದ್ದಲಿಲ್ಲ. ಮುಂದಿನ ಕೆಲಸ ನಮಗೆ ಕೊಡಲ್ಲ ಅಂದರು, ಕೊಡಲೂ ಇಲ್ಲ. ಆದರೆ ಕಾರಣ ಹುಡುಕಿದಾಗ ಸಿಕ್ಕಿದ್ದು ಚಿಕ್ಕ ವಿಷಯ: ಗೋಡೆಯ ಎರಡೂ ಕಡೆ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದ ಸ್ವಿಚ್ ಬಾಕ್ಸುಗಳು. ಸದ್ದು ನೀರಿದ್ದ ಹಾಗೆ, ಸಂದು ಸಿಕ್ಕಲ್ಲಿ ನುಗ್ಗುತ್ತೆ. ಗೋಡೆಯಲ್ಲಿ ನೂರಕ್ಕೆ ಒಂದು ಭಾಗ ತೂತಿದ್ದರೆ, ಉಳಿದ ತೊಂಬತ್ತೊಂಬತ್ತು ಭಾಗ ಎಷ್ಟೇ ದಪ್ಪ ಇರಲಿ, ಒಟ್ಟು ತಡೆ ಸುಮಾರು 20 ಡೆಸಿಬಲ್ ದಾಟೋಲ್ಲ.

ಆ ಮನೆಗಳಿಗೆ ಇಪ್ಪತ್ತು ವರ್ಷದ ಸಾಲ ಮಾಡಿ ಬರೋರು ನಮ್ಮ ವಯಸ್ಸಿನವರೇ. ಗೋಡೆಯಾಚೆಯ ಮಾತು ಕೇಳಿಸುತ್ತೆ ಅಂತ ಅವರಿಗೆ ಗೊತ್ತಾಗೋದು ಗೃಹಪ್ರವೇಶ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ.

ಹಾಗಾಗಿ ಮನೆ ನೋಡೋಕೆ ಹೋದಾಗ ಟೈಲ್ಸ್ ಜೊತೆಗೆ ಇದನ್ನೂ ನೋಡಿ. ಒಬ್ಬರು ಪಕ್ಕದ ಖಾಲಿ ಫ್ಲಾಟಿನಲ್ಲಿ ಜೋರಾಗಿ ಮಾತಾಡಲಿ, ಇನ್ನೊಬ್ಬರು ಈಚೆ ನಿಂತು ಕೇಳಿ. ಮಲಗುವ ಕೋಣೆಯ ಗೋಡೆಯಾಚೆ ಲಿಫ್ಟಾ, ಪೈಪಿನ ಡಕ್ಟಾ ಅಂತ ಕೇಳಿ. ಜನರೇಟರ್ ಒಮ್ಮೆ ಓಡಿಸಿ ಅನ್ನಿ. ಈಗಾಗಲೇ ತೊಂದರೆ ಇದ್ದರೆ ಒಂದು ವಾರ ಸಮಯ ಬರೆದಿಡಿ: ಎಷ್ಟು ಗಂಟೆಗೆ ಶುರು, ಎಷ್ಟು ಹೊತ್ತು, ಯಾವ ಕೋಣೆ. ನಮ್ಮಂಥವರಿಗೆ ಅದು ಅರ್ಧ ಕೆಲಸ ಉಳಿಸುತ್ತೆ.

ಪ್ರಯೋಗಾಲಯ ಆರಿಸುವಾಗ 'ಮಾನ್ಯತೆ ಇದೆ' ಅನ್ನೋ ಮಾತಿಗೆ ತಲೆದೂಗಬೇಡಿ. ಮಾನ್ಯತೆ ಸಿಗೋದು ಒಂದೊಂದು ಪರೀಕ್ಷೆಗೂ ಬೇರೆ ಬೇರೆಯಾಗಿ. ನೀರು ಪರೀಕ್ಷೆಗೆ ಇದ್ದದ್ದು ಗೋಡೆ ಪರೀಕ್ಷೆಗೆ ನಡೆಯಲ್ಲ. ನಿಮಗೆ ಬೇಕಾದ ಪರೀಕ್ಷೆ ಅವರ ಪಟ್ಟಿಯಲ್ಲಿದೆಯಾ ಅಂತ ಎನ್ಎಬಿಎಲ್ ಜಾಲತಾಣದಲ್ಲಿ ಫೋನಿನಲ್ಲೇ ನೋಡಬಹುದು. ವರದಿ ಕೈಗೆ ಬಂದಾಗ ಮೀಟರಿನ ಕ್ಯಾಲಿಬ್ರೇಷನ್ ದಿನಾಂಕ ಇದೆಯಾ, ಅಳತೆಯಲ್ಲಿ ಎಷ್ಟು ಆಚೀಚೆ ಆಗಬಹುದು ಅಂತ ಬರೆದಿದ್ದಾರಾ ನೋಡಿ. ಅದನ್ನು ಬರೆದವರ ಮೇಲೆ ಅನುಮಾನ ಬೇಡ, ಬರೆಯದವರ ಹತ್ತಿರ ಕೇಳಿ ಬರೆಸಿಕೊಳ್ಳಿ.