ಪರದೇಶಕ್ಕೆ ಹೊರಟ ಯಂತ್ರ

ಪ್ರಯಾಣ ಹೊರಟವನ ಗಂಟನ್ನು ಬಿಚ್ಚಿ ನೋಡಿದರೆ ಅವನ ಸ್ವಭಾವ ಅರ್ಧ ತಿಳಿದಂತೆಯೇ ಸರಿ. ನಮ್ಮ ತಾತಂದಿರು ಕಾಶಿಗೆ ಹೊರಟರೆ ಹಾಸಿಗೆಯ ಸುರುಳಿ, ನೀರಿನ ಚೊಂಬು, ಚಟ್ನಿಪುಡಿಯ ಡಬ್ಬಿ ಇಷ್ಟರಲ್ಲೇ ತೃಪ್ತರಾಗುತ್ತಿದ್ದರು. ಈಗಿನ ಹುಡುಗರು ಸಮುದ್ರ ದಾಟುವಾಗಲೂ ಚಟ್ನಿಪುಡಿ ತಪ್ಪಿಲ್ಲ. ಅದರ ಜೊತೆಗೆ ಕುಕ್ಕರು ಸೇರಿಕೊಂಡಿದೆ, ಅಷ್ಟೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹಿಂದೆ ಗಂಟಿನ ಭಾರವನ್ನು ನಿಶ್ಚಯಿಸುತ್ತಿದ್ದುದು ಹೊರುವವನ ಹೆಗಲು. ಈಗ ವಿಮಾನ ನಿಲ್ದಾಣದ ತಕ್ಕಡಿ. ಪೆಟ್ಟಿಗೆಯೊಂದಕ್ಕೆ ಸಾಮಾನ್ಯವಾಗಿ 23 ಕಿಲೋ. ಮಮತೆ ಎಷ್ಟೇ ಇರಲಿ, ಆ 23 ಕಿಲೋದೊಳಗೆ ಅದು ಅಡಗಬೇಕು.

ಈ ಮಾತು ನೆನಪಿಗೆ ಬಂದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯ ಹುಡುಗ. ಹುಣಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ನನ್ನ ಕನ್ನಡ ತರಗತಿಯ ಕೊನೆಯ ಬೆಂಚು ಅವನದು. ಹೆಚ್ಚಿನ ಓದಿಗೆ ಕೆನಡಾದಲ್ಲಿ ಸ್ಥಳ ಸಿಕ್ಕಿತು. ಹೊರಡುವಾಗ ಬಟ್ಟೆಬರೆಗಿಂತ ಮೊದಲು ಅವನು ಗಂಟು ಕಟ್ಟಹೊರಟದ್ದು ತಾನೇ ಜೋಡಿಸಿದ ಕಂಪ್ಯೂಟರನ್ನು. ಮಡಿಸಿ ಚೀಲಕ್ಕೆ ಹಾಕುವ ಲ್ಯಾಪ್‌ಟಾಪ್ ಅಲ್ಲ. ಮೇಜಿನ ಮೇಲೆ ಗೂಡಿನಂತೆ ಕೂರುವ ದೊಡ್ಡ ಯಂತ್ರ.

ಅದು ಹುಟ್ಟಿದ ಬಗೆಯನ್ನು ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಈ ಸೀಮೆಯನ್ನು ಬಲ್ಲವರಿಗೆ ವರ್ಜೀನಿಯಾ ಹೊಗೆಸೊಪ್ಪಿನ ಪರಿಚಯ ಬೇಕಿಲ್ಲ. ಇಲ್ಲಿ ಮದುವೆ, ಮನೆಯ ಮಾಡು, ಮಕ್ಕಳ ಫೀಸು ಎಲ್ಲವೂ ಹೊಗೆಸೊಪ್ಪಿನ ಹರಾಜಿನ ದಾರಿ ಕಾಯುತ್ತವೆ. ಈ ಯಂತ್ರವೂ ಹಾಗೆಯೇ ಕಾದು ಬೆಳೆಯಿತು. ಒಂದು ವರ್ಷದ ಹರಾಜಿಗೆ ಮದರ್‌ಬೋರ್ಡು ಮತ್ತು ಪ್ರೊಸೆಸರು. ಮರುವರ್ಷ ಬೆಲೆ ಚೆನ್ನಾಗಿ ಬಂದುದರಿಂದ ಗ್ರಾಫಿಕ್ಸ್ ಕಾರ್ಡು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಹತ್ತಿಳಿದು, ಚೌಕಾಶಿ ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಭಾಗಗಳು ಅವು.

ಅವನ ತಂದೆ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಆದರೂ ಆ ಯಂತ್ರ ಅವರಿಗೆ ಅರ್ಥವಾಗದ ವಸ್ತುವಾಗಿರಲಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನನ್ನು ಸ್ವತಃ ನಿಂತು ಕಟ್ಟಿಸಿದವರು ಅವರು. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಹಗಲುರಾತ್ರಿ ಒಲೆಯ ಮುಂದೆ ಕುಳಿತು ಉಷ್ಣಮಾಪಕ ನೋಡಬೇಕು. ಪ್ರೊಸೆಸರಿನ ನೆತ್ತಿಯ ಮೇಲಿನ ಫ್ಯಾನನ್ನು ತೋರಿಸಿ ಮಗ, "ಇದು ನಿಂತರೆ ಒಳಗೆ ಶಾಖ ಏರಿ ಯಂತ್ರ ತಾನೇ ನಿಧಾನವಾಗುತ್ತೆ ಅಪ್ಪ" ಎಂದಾಗ ಅವರು ತಲೆಯಾಡಿಸಿದರಂತೆ: "ಸರಿ ಬುಡು, ಇದೂ ಒಂದು ಬ್ಯಾರನ್ನೇ."

ಅಂಥವರು ಈಗ ಮಗನ ಮೇಲೆ ನನ್ನಲ್ಲಿ ದೂರು ತಂದರು. "ಕೆನಡಾದಲ್ಲಿ ಕಂಪ್ಯೂಟ್ರು ಸಿಕ್ಕಾಕಿಲ್ವಾ ಮೇಷ್ಟ್ರೇ? ನೀವೇ ಒಂದ್ ಮಾತು ಹೇಳಿ." ಹುಡುಗ ಸುಮ್ಮನಿರಲಿಲ್ಲ. "ಸಿಗುತ್ತೆ ಸಾರ್. ಆದರೆ ಇದು ನಾನು ಜೋಡಿಸಿದ್ದು. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ನನಗೆ ಗೊತ್ತು. ಅಲ್ಲಿ ಹೊಸದು ಕೊಳ್ಳೋ ದುಡ್ಡಿನಲ್ಲಿ ಎಷ್ಟು ತಿಂಗಳ ಊಟ ಆಗುತ್ತೋ!"

ಇಬ್ಬರ ಮಾತಿನಲ್ಲೂ ನ್ಯಾಯವುಂಟು. ಹೊರುವ ಕಷ್ಟವೂ ಸಣ್ಣದಲ್ಲ. ಯಂತ್ರವನ್ನು ಇದ್ದಂತೆಯೇ ಪೆಟ್ಟಿಗೆಗೆ ಹಾಕಿದರೆ ಸಾಮಾನು ಎತ್ತಿ ಎಸೆಯುವವರ ಕೈಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಭಾರಕ್ಕೆ ಅದರ ಗೂಡೇ ಮುರಿಯಬಹುದು. ಆದುದರಿಂದ ಕಾರ್ಡನ್ನೂ ಪ್ರೊಸೆಸರಿನ ಮೇಲಿನ ಲೋಹದ ದಿಮ್ಮಿಯನ್ನೂ ಕಳಚಿ ಬೇರೆಬೇರೆಯಾಗಿ ಸುತ್ತಬೇಕು. ಬರೆದಿಟ್ಟದ್ದೆಲ್ಲ ಇರುವ ಡಿಸ್ಕು ಕೈಚೀಲದಲ್ಲೇ ಬರಬೇಕು. ಸುಂಕದವರು ಕೇಳಿದರೆ ತೋರಿಸಲು ಬಿಲ್ಲುಗಳು ಜೇಬಿನಲ್ಲಿರಬೇಕು. ಇನ್ನು ವಿದ್ಯುತ್ತು: ನಮ್ಮ ಗೋಡೆಯಲ್ಲಿ 230 ವೋಲ್ಟು, ಕೆನಡಾದಲ್ಲಿ 120. ಈಗಿನ ಒಳ್ಳೆಯ ಪವರ್ ಸಪ್ಲೈಗಳ ಮೇಲೆ 100ರಿಂದ 240 ಎಂದು ಅಚ್ಚಾಗಿದ್ದರೆ ಚಿಂತೆಯಿಲ್ಲ, ಅದು ತಾನೇ ಹೊಂದಿಕೊಳ್ಳುತ್ತದೆ. ಇವನದರಲ್ಲಿ ಬೆನ್ನಿಗೆ ಒಂದು ಪುಟ್ಟ ಕೆಂಪು ಸ್ವಿಚ್ಚಿತ್ತು. ಅಲ್ಲಿಗೆ ಹೋದಮೇಲೆ ಅದನ್ನು 115ಕ್ಕೆ ಸರಿಸಬೇಕು. ಮರೆತರೆ ಯಂತ್ರ ಏಳುವುದಿಲ್ಲ, ಅಷ್ಟೆ. ಆದರೆ 115ರಲ್ಲೇ ಬಿಟ್ಟು ಊರಿಗೆ ಮರಳಿ ನಮ್ಮ ಗೋಡೆಗೆ ಸಿಕ್ಕಿಸಿದರೆ ಪಟಾಕಿಯ ಸದ್ದು! ಹೋಗುವುದಕ್ಕಿಂತ ಹಿಂದಿರುಗುವುದರಲ್ಲೇ ಹೆಚ್ಚು ಅಪಾಯವೆಂಬುದು ಯಂತ್ರಕ್ಕೂ ನಿಜವೆಂದು ಆಗ ತಿಳಿಯಿತು.

ಕೊನೆಗೆ ಲೆಕ್ಕ ಹೀಗಾಯಿತು: ಮಾನಿಟರೂ ತಗಡಿನ ಕ್ಯಾಬಿನೆಟ್ಟೂ ಮನೆಯಲ್ಲೇ ಇರಲಿ, ಒಳಗಿನದೆಲ್ಲ ಹೋಗಲಿ. ಹೆಸರಿಗೆ ತಕ್ಕಂತೆ ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಳ್ಳುವ ಮದರ್‌ಬೋರ್ಡನ್ನು ಮಗನ ಸ್ವೆಟರಿನೊಳಗೆ ಸುತ್ತಿದವರು ಅವನ ತಾಯಿ.

ತಂದೆ ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ಬಸ್ಸಿಗೆ ಬಿಡಲು ಬಂದವರು ರಸ್ತೆಯ ಬದಿಯಲ್ಲಿ ನಿಂತು ಹೇಳಿದರು: "ದುಡ್ಡಿನ ಮಾತಲ್ಲ ಮೇಷ್ಟ್ರೇ. ಅದು ಮನೇಲಿದ್ರೆ ಹುಡ್ಗ ಬತ್ತಾನೆ ಅಂತ ಒಂದು ಧೈರ್ಯ." ಹೊಗೆಸೊಪ್ಪಿನ ಬೆಲೆಯನ್ನು ಹೇಳುವಷ್ಟೇ ಸಾದಾ ದನಿ. ಉತ್ತರ ಹೇಳುವ ಮೊದಲೇ ಬಸ್ಸು ಬಂತು.

ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿತ್ತು. ಅದೇ ತಾಲ್ಲೂಕಿನಲ್ಲಿ ಬೈಲಕುಪ್ಪೆ ಇದೆ. 1959ರಲ್ಲಿ ನೆಲ ಬಿಟ್ಟು ಬಂದ ಟಿಬೆಟ್ಟಿನವರಲ್ಲಿ ಸಾವಿರಾರು ಜನ 1960ರ ದಶಕದಲ್ಲಿ ಅಲ್ಲಿ ನೆಲೆಸಿದರು. ಲ್ಹಾಸಾದ ಬಳಿಯ ಸೆರಾ ಮಠದ ಗೋಡೆಗಳನ್ನು ಯಾರೂ ಹೊತ್ತು ತರಲಾಗಲಿಲ್ಲ. ತಂದದ್ದು ಗ್ರಂಥ, ಪಾಠ, ವಾದಮಾಡುವ ಕ್ರಮ. ಅಷ್ಟರಿಂದಲೇ 1970ರಲ್ಲಿ ಇಲ್ಲಿ ಇನ್ನೊಂದು ಸೆರಾ ಎದ್ದಿತು. ಬೆಟ್ಟದಪುರವೂ ದೂರವಿಲ್ಲ. ಅಲ್ಲಿನ ಸಂಕೇತಿಗಳ ಹಿರಿಯರು ಎಂದೋ ಕಾಲದಲ್ಲಿ ತೆಂಕಣದಿಂದ ಬಂದವರು. ಇಂದಿಗೂ ಅವರ ಅಡುಗೆಮನೆಯಲ್ಲಿ ಆ ಬೆರಕೆ ನುಡಿ ಕೇಳಿಬರುತ್ತದೆ. ಅದಕ್ಕೆ ತಕ್ಕಡಿಯೂ ಇಲ್ಲ, ಸುಂಕವೂ ಇಲ್ಲ. ಊರು ಬಿಟ್ಟವರು ಒಯ್ಯಬಲ್ಲದ್ದು ಒಳಗಿನದನ್ನು ಮಾತ್ರ. ಹೊರಗಿನ ಗೂಡು ಉಳಿದವರ ಪಾಲು. ಒಯ್ದವರ ಕಥೆಯನ್ನು ನಾವು ಪಾಠ ಹೇಳುತ್ತೇವೆ. ಖಾಲಿ ಗೂಡನ್ನು ಕಾಯ್ದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ಹುಡುಗ ಆಗಸ್ಟಿನಲ್ಲಿ ಹೋದ. ಅಲ್ಲಿ ಯಾರೋ ಮಾರಿದ ಹಳೆಯ ಕ್ಯಾಬಿನೆಟ್ಟು ಅಗ್ಗಕ್ಕೆ ಸಿಕ್ಕಿತಂತೆ. ಗೋಡೆಗೆ ಹೊಂದುವ ಕೇಬಲ್ಲನ್ನು ಕೊಂಡು, ಕೆಂಪು ಸ್ವಿಚ್ಚನ್ನು ಸರಿಸಿ, ರಾತ್ರಿಯೆಲ್ಲ ಜೋಡಿಸಿದನಂತೆ. ಬೆಳಗಿನ ಜಾವ ಫ್ಯಾನು ತಿರುಗಿದಾಗ ಮೊದಲು ಫೋನು ಮಾಡಿದ್ದು ತಂದೆಗೆ. ಮಾತೇನೂ ಆಡದೆ ಫೋನನ್ನು ಫ್ಯಾನಿನ ಹತ್ತಿರ ಹಿಡಿದನಂತೆ.

ಆಯುಧಪೂಜೆಯ ದಿನ ನಾನು ಅವರ ಮನೆಗೆ ಹೋಗಿದ್ದೆ. ನೇಗಿಲು, ಟ್ರ್ಯಾಕ್ಟರು, ಸ್ಪ್ರೇಯರು ಎಲ್ಲಕ್ಕೂ ಚೆಂಡುಹೂ ಬಿದ್ದಿತ್ತು. ಒಳಕೋಣೆಯ ಮೇಜಿನ ಮೇಲೆ ಆ ಕ್ಯಾಬಿನೆಟ್ಟು. ಒಳಗೆ ಏನೂ ಇಲ್ಲ, ಹೊರಗೆ ವಿಭೂತಿ, ಕುಂಕುಮ. ನನ್ನ ನೋಟವನ್ನು ಕಂಡ ಯಜಮಾನರು ಸಂಕೋಚಪಡಲಿಲ್ಲ.

"ಎಲೆ ತೆಗುದ್ ಮೇಲೆ ಬ್ಯಾರನ್ ಕೆಡವ್ತೀವಾ ಮೇಷ್ಟ್ರೇ?" ಎಂದರು. "ಬಾಗ್ಲು ಹಾಕ್ ಮಡಗ್ತೀವಿ."