ಕಡಲು ಕಾಣದ ನದಿ

‘ನದಿಗಳೆಲ್ಲ ಕೊನೆಗೆ ಸಮುದ್ರವನ್ನು ಸೇರುತ್ತವೆ’ ಎಂದು ಪ್ರೌಢಶಾಲೆಯ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅರಾವಳಿಯಲ್ಲಿ ಹುಟ್ಟಿ ಕಛ್‌ನ ರಣದಲ್ಲಿ ಇಲ್ಲವಾಗುವ ಲೂನಿ ನದಿಯನ್ನು ಅಪವಾದವೆಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಮುದ್ರ ಸೇರದಿದ್ದರೆ ಆ ನೀರೆಲ್ಲ ದಂಡವೇ ಸಾರ್?’ ಎಂದು ಕೇಳಿದ. ‘ಹೌದಪ್ಪ, ಮರಳು ಕುಡಿದುಬಿಡುತ್ತದೆ’ ಎಂದೆ. ಆ ಉತ್ತರ ತಪ್ಪೆಂದು ಅರಿವಾದದ್ದು ನಿವೃತ್ತಿಯ ನಂತರ, ಚೀನಾದ ತಾರಿಮ್ ನದಿಯ ವಿಷಯ ಓದಿದಾಗ.

ತಿಯಾನ್‌ಶಾನ್, ಕಾರಾಕೋರಂ, ಕುನ್‌ಲುನ್ ಪರ್ವತಗಳ ಹಿಮ ಕರಗಿ ಬರುವ ಅಕ್ಸು, ಯಾರ್ಕಂದ್, ಹೋತಾನ್ ನದಿಗಳು ಸೇರಿ ತಾರಿಮ್ ಆಗುತ್ತದೆ. ಅದು ತಕ್ಲಾಮಕಾನ್ ಮರುಭೂಮಿಯ ಉತ್ತರದ ಅಂಚಿನಲ್ಲಿ 1,300ಕ್ಕೂ ಹೆಚ್ಚು ಕಿಲೋಮೀಟರ್ ಹರಿಯುತ್ತದೆ. ಅದರ ಕೆಳಪಾತ್ರದಲ್ಲಿ ವರ್ಷದ ಮಳೆ 50 ಮಿಲಿಮೀಟರಿಗೂ ಕಡಿಮೆ. ನಮ್ಮ ಮಲೆನಾಡಿನಲ್ಲಿ ಬೇಸಿಗೆಯ ಹೊಳೆಗೆ ನೆಲದೊಳಗಿನ ಒರತೆ ನೀರೂಡುತ್ತದೆ. ಅಲ್ಲಿ ಇದಕ್ಕೆ ವಿರುದ್ಧ; ನದಿಯೇ ನೆಲಕ್ಕೆ ನೀರೂಡುತ್ತದೆ. ಪಾತ್ರದಿಂದ ಇಂಗಿದ ಆ ನೀರಿಗೆ ಬೇರು ಚಾಚಿ ದಡದ ಪಾಪ್ಲರ್ ಮರಗಳು ಬದುಕುತ್ತವೆ. ಎರಡು ಮರುಭೂಮಿಗಳ ನಡುವೆ ಮರಳನ್ನು ತಡೆದು ನಿಂತ ಹಸಿರು ಪಟ್ಟಿ ಅದು.

1950ರ ದಶಕದಿಂದ ಮೇಲ್ಭಾಗದಲ್ಲಿ ನೀರಾವರಿ ಬೆಳೆಯಿತು, ಹತ್ತಿ ಹೊಲಗಳು ಹಬ್ಬಿದವು. 1972ರಲ್ಲಿ ದಾಶಿಹೈಜಿ ಜಲಾಶಯವಾದ ಮೇಲೆ ಅದರ ಕೆಳಗಿನ ಸುಮಾರು 320 ಕಿಲೋಮೀಟರ್ ಪಾತ್ರ ಬತ್ತಿತು. ಕೊನೆಯ ತೈತೆಮಾ ಸರೋವರವೂ ಒಣಗಿತು. ಅಂತರ್ಜಲ ಹಲವೆಡೆ 8ರಿಂದ 12 ಮೀಟರ್ ಆಳಕ್ಕೆ ಇಳಿಯಿತು. ಬೇರಿಗೆ ನೀರು ಎಟುಕದೆ ಮರಗಳು ನಿಂತಲ್ಲೇ ಒಣಗಿದವು.

2000ದ ಮೇ ತಿಂಗಳಿನಿಂದ ಆ ಬತ್ತಿದ ಪಾತ್ರಕ್ಕೆ ಮತ್ತೆ ನೀರು ಬಿಡತೊಡಗಿದರು. 2001ರ ನವೆಂಬರಿನಲ್ಲಿ ಅದು ತೈತೆಮಾವನ್ನು ಮುಟ್ಟಿತು. ದಡದ ಸಮೀಪ ಅಂತರ್ಜಲ ಮೇಲೇರಿತು, ಸೊರಗಿದ ಮರಗಳು ಚಿಗುರಿದವು. ಆದರೆ ದೂರ ಹೋದಂತೆ ಫಲ ಕಡಿಮೆ. ಹಳೆಯ ಮರ ಚಿಗುರುವುದು ಬೇರೆ, ಹೊಸ ಸಸಿ ಹುಟ್ಟುವುದು ಬೇರೆ. ಪಾಪ್ಲರ್ ಬೀಜಕ್ಕೆ ಮೊಳೆಯುವ ಶಕ್ತಿ ಕೆಲವೇ ವಾರ. ಬೀಜ ಉದುರುವ ಬೇಸಿಗೆಯ ಕಾಲದಲ್ಲಿಯೇ ಪ್ರವಾಹ ದಡದ ಮೇಲೆ ಹರಡಿ ನೆಲದ ಮೇಲ್ಮೈ ನೆನೆಯಬೇಕು. ನೀರು ಎಷ್ಟು ಬಂತೆಂಬುದರಷ್ಟೇ, ಎಂದು ಬಂತು, ಎಲ್ಲಿ ಹರಡಿತು ಎಂಬುದೂ ಮುಖ್ಯ.

ಮೇಲಿನ ರೈತನಿಗೂ ನೀರು ಬೇಕು. ಅವನನ್ನು ದೂರುವುದು ಸುಲಭ, ನ್ಯಾಯವಲ್ಲ. ಆದರೆ ಹಂಚುವಾಗ ನದಿಯ ಕೊನೆಗೂ ಒಂದು ಪಾಲಿದೆಯೆಂಬ ಲೆಕ್ಕ ಇರಬೇಕು. ಆ ಹುಡುಗನಿಗೆ ಈಗ ಐವತ್ತರ ಆಸುಪಾಸು ವಯಸ್ಸಾಗಿರಬಹುದು. ಎಲ್ಲಿದ್ದಾನೋ ತಿಳಿಯದು. ಸಿಕ್ಕರೆ ಹೇಳಬೇಕು: ‘ಮರಳು ಕುಡಿದ ನೀರು ದಂಡವಲ್ಲಪ್ಪ, ಅದನ್ನು ನಂಬಿ ಒಂದು ಕಾಡೇ ನಿಂತಿತ್ತು. ನಾನು ಅಂದು ತಪ್ಪು ಹೇಳಿದೆ.’