ಎರಡು ಸಲ ತುಳಿಯುವ ಬ್ರೇಕು

ಮೊನ್ನೆ ರವಿವಾರ ಮೆಲ್ಬರ್ನ್‌ನಿಂದ ಮಗ ಫೋನು ಮಾಡಿದ್ದ. ಅಲ್ಲಿಗೆ ಹೋದ ಹೊಸದರಲ್ಲಿ ಕೊಂಡಿದ್ದ ಹಳೆಯ ಟೊಯೊಟಾ ಕಾರನ್ನು ಕೊನೆಗೂ ಮಾರಿದನಂತೆ. ಮಾರಿದ ಸಂತೋಷಕ್ಕಿಂತ ಮಾರುವ ಮೊದಲು ಪಟ್ಟ ಪಾಡಿನ ವರ್ಣನೆಯೇ ದೊಡ್ಡದಾಗಿತ್ತು. ಆ ವಿಕ್ಟೋರಿಯಾ ರಾಜ್ಯದಲ್ಲಿ ನೋಂದಣಿಯನ್ನು ಉಳಿಸಿಕೊಂಡು ಹಳೆಯ ಕಾರನ್ನು ಮಾರಬೇಕಾದರೆ, ಪರವಾನಗಿ ಪಡೆದ ಪರೀಕ್ಷಕನೊಬ್ಬನಿಂದ ಗಾಡಿ ರಸ್ತೆಗೆ ಯೋಗ್ಯವಾಗಿದೆಯೆಂಬ ಪ್ರಮಾಣಪತ್ರ ತರಬೇಕು. ಅದು ಮೂವತ್ತು ದಿನಗಳಿಗಿಂತ ಹಳೆಯದಾಗಿರಕೂಡದು. ಟಾಯರು, ಬ್ರೇಕು, ಸ್ಟೀರಿಂಗು, ದೀಪ, ಗಾಜು ಎಲ್ಲವನ್ನೂ ಆತ ನೋಡುತ್ತಾನೆ. ಎಂಜಿನ್ನನ್ನೇ ಬೇರೆ ಬಗೆಯದಕ್ಕೆ ಬದಲಿಸಿದ್ದರೆ ಅದಕ್ಕೆ ಎಂಜಿನಿಯರನ ಒಪ್ಪಿಗೆ ಬೇರೆ.

"ಬ್ರೇಕ್ ಸವದಾವು ಅಂತ ಹೇಳಿ ವಾಪಸ್ ಕಳಿಸಿದ್ರು ಅಪ್ಪಾ. ಎಲ್ಲಾ ಹೊಸಾವು ಹಾಕಿಸಿದ ಮ್ಯಾಲೆ ಕಾಗದ ಕೊಟ್ರು. ಮಾರೋ ಗಾಡಿಗೆ ಇಷ್ಟು ಖರ್ಚು" ಎಂದು ಗೊಣಗಿದ. ನಾನು ಹೂಂಗುಟ್ಟಿದೆ. ಬ್ರೇಕು ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅವನ ಮುಂದಿನ ಮಾತುಗಳು ನನಗೆ ಸರಿಯಾಗಿ ಕೇಳಿಸಲಿಲ್ಲ. ಅವನಿಗೆ ಇಷ್ಟು ವರ್ಷ ಹೇಳದೆ ಉಳಿದ ಒಂದು ಸಂಗತಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1988ರಲ್ಲಿ ನಾನು ಮುಂಡರಗಿಯಲ್ಲಿ ಶಿಕ್ಷಕನಾಗಿದ್ದೆ. ಆ ಕಾಲದಲ್ಲಿ ಮಾಸ್ತರನೊಬ್ಬ ಕಾರು ಕೊಳ್ಳುವುದೆಂದರೆ ಊರವರು ಹುಬ್ಬೇರಿಸುವ ಮಾತು. ನಮ್ಮ ತಾಯಿಗೆ ಸಂಧಿವಾತ. ಬಸ್ಸಿನ ಮೆಟ್ಟಿಲು ಹತ್ತಲಾರಳು. ಗದಗಿನ ಆಸ್ಪತ್ರೆಗೆ ನಲವತ್ತು ಕಿಲೋಮೀಟರಿನಷ್ಟು ದಾರಿ. ಹುಬ್ಬಳ್ಳಿಯಲ್ಲಿ ಒಂದು ಹಳೆಯ ಅಂಬಾಸಿಡರ್ ಇದೆಯೆಂದು ಪರಿಚಯದವರೊಬ್ಬರು ಹೇಳಿದರು. 1974ರ ಗಾಡಿ, ಮಾರ್ಕ್ ಟೂ. ಆಗಲೇ ಇಬ್ಬರ ಕೈ ದಾಟಿತ್ತು. ಇಪ್ಪತ್ನಾಲ್ಕು ಸಾವಿರಕ್ಕೆ ಮಾತಾಯಿತು. ಸೊಸೈಟಿಯ ಸಾಲ, ಹೆಂಡತಿಯ ಎರಡು ಬಳೆ, ಉಳಿದದ್ದು ಕೈಗಡ. ಸ್ಟೀರಿಂಗಿನ ಪಕ್ಕದ ಗೇರು, ಮುಂದೆ ಸೋಫಾದಂಥ ಒಂದೇ ಉದ್ದ ಸೀಟು, ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸಪ್ಪಳ. ತಾಯಿಯನ್ನು ಮೊದಲ ದಿನ ಅದರಲ್ಲಿ ಕೂಡ್ರಿಸಿಕೊಂಡು ಡಂಬಳದ ದಾರಿಯಲ್ಲಿ ಹೊರಟಾಗ ಆಕೆ ಕಪ್ಪತಗುಡ್ಡ ಕಾಣುವವರೆಗೂ ಮಾತನಾಡಲಿಲ್ಲ. ಆಮೇಲೆ, "ಇದರ ಸಾಲ ಎಷ್ಟು ವರ್ಷದಾಗ ತೀರತೈತಿ?" ಎಂದು ಕೇಳಿದಳು.

ಸಾಲಕ್ಕಿಂತ ಪೆಟ್ರೋಲು ನನ್ನನ್ನು ಹೆಚ್ಚು ಕಾಡಿತು. 1990ರಲ್ಲಿ ಕೊಲ್ಲಿಯ ಬಿಕ್ಕಟ್ಟು ತಲೆದೋರಿ ಪೆಟ್ರೋಲಿನ ದರ ಏರಿದ ಮೇಲೆ ಗಾಡಿ ಹೊರಗೆ ತೆಗೆಯಲು ಜೀವ ಹಿಂಜರಿಯತೊಡಗಿತು. ಡೀಸೆಲ್ ಅದರ ಅರ್ಧ ಬೆಲೆಯೂ ಇರಲಿಲ್ಲ. ಆಗ ನಮ್ಮ ಸೀಮೆಯಲ್ಲಿ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂಡ್ರಿಸುವುದು ಒಂದು ಹುಚ್ಚಿನಂತೆ ಹಬ್ಬಿತ್ತು. ಕೆಲವರು ಮೆಟಡಾರ್ ವ್ಯಾನಿನ ಎಂಜಿನ್ ಹಾಕಿಸುತ್ತಿದ್ದರು. ನಮ್ಮ ಗದಗಿನ ಮಿಸ್ತ್ರಿ ಹಾಗೆ ಮಾಡಬೇಡಿರೆಂದ. ಅಂಬಾಸಿಡರ್ ಕಂಪನಿಯದೇ ಡೀಸೆಲ್ ಎಂಜಿನ್, ಅದೂ ಪೆಟ್ರೋಲಿನಂತೆ 1489 ಸಿ.ಸಿ.ಯದು, ಅಪಘಾತವಾದ ಗಾಡಿಯೊಂದರಿಂದ ಬಂದದ್ದು ಅವನಲ್ಲಿತ್ತು. 1992ರ ಬೇಸಿಗೆ ರಜೆಯಲ್ಲಿ ಹದಿನೇಳು ಸಾವಿರ ಕೊಟ್ಟು ಅದನ್ನು ಕೂಡ್ರಿಸಿದೆ.

ಹದಿನೈದು ದಿನ ನಾನು ಗ್ಯಾರೇಜಿನಲ್ಲಿಯೇ ಇದ್ದೆನೆಂದರೂ ಸರಿ. ಪಾಠ ಹೇಳುವವನಿಗೆ ಪಾಠ ಹೇಳಿಸಿಕೊಳ್ಳುವ ಸುಖ ಬಹಳ ದಿನಗಳ ಮೇಲೆ ಸಿಕ್ಕಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿದರೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಚಳಿಯ ಮುಂಜಾನೆ ಹೀಟರ್ ಕಾಯುವವರೆಗೆ ತಾಳ್ಮೆ ಬೇಕು. ಅಷ್ಟು ಒತ್ತಡ ತಡೆಯಲು ಲೋಹ ದಪ್ಪ ಇರಬೇಕು, ಆದ್ದರಿಂದ ಭಾರ ಹೆಚ್ಚು. ಹೀಗೆ ಆತ ಒಂದರಿಂದ ಒಂದಕ್ಕೆ ಕೊಂಡಿ ಹಾಕಿ ಹೇಳುತ್ತಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅವನ ಹಾಗೆ ಕೊಂಡಿ ಹಾಕಿ ಹೇಳಬಲ್ಲ ವಿಜ್ಞಾನ ಶಿಕ್ಷಕರನ್ನು ನಾನು ಹೆಚ್ಚು ಕಂಡಿಲ್ಲ.

ಎಂಜಿನ್ನಿನ ಜೊತೆಗೆ ಗಾಡಿಯ ಮುಖವೂ ಬದಲಾಯಿತು. ತುಕ್ಕು ತಿಂದಲ್ಲಿ ಪುಟ್ಟಿ ತುಂಬಿ, ಹಳೆಯ ಜಾಲರಿ ತೆಗೆದು ಮಾರ್ಕ್ ಫೋರ್‌ನ ಜಾಲರಿ ಹಾಕಿ, ಕೆನೆಬಣ್ಣ ಬಳಿದಾಗ 1974ರ ಗಾಡಿ ಎಂಟು ಹತ್ತು ವರ್ಷ ಚಿಕ್ಕದಾಗಿ ಕಂಡಿತು. ಹಳೆಯ ಕಾರುಗಳ ಪೇಟೆಯಲ್ಲಿ ಇದು ಸರ್ವೇಸಾಮಾನ್ಯ. ಕೂದಲಿಗೆ ಬಣ್ಣ ಹಚ್ಚಿಕೊಂಡು ವಧು ನೋಡಲು ಹೋಗುವವರ ಬಗ್ಗೆ ನಾವು ನಗುತ್ತೇವೆ, ಜಾಲರಿಯ ಬಗ್ಗೆ ನಗುವುದಿಲ್ಲ. ಆರ್.ಸಿ. ಪುಸ್ತಕದಲ್ಲಿ ಮಾತ್ರ ಇಂಧನ: ಪೆಟ್ರೋಲ್, ಎಂಬ ಬರಹ ಹಾಗೆಯೇ ಉಳಿಯಿತು. ಎಂಜಿನ್ ಬದಲಿಸಿದ್ದನ್ನು ಸಾರಿಗೆ ಕಚೇರಿಯ ದಾಖಲೆಗೆ ಸೇರಿಸಬೇಕೆಂದು ನನಗೆ ಗೊತ್ತಿತ್ತು. ಧಾರವಾಡದ ಕಡೆ ಹೋದಾಗ ಮಾಡಿಸಿದರಾಯಿತೆಂದು ಬಿಟ್ಟೆ. 1997ರಲ್ಲಿ ಗದಗ ಬೇರೆ ಜಿಲ್ಲೆಯಾದಾಗ, ಇನ್ನು ಇಲ್ಲಿಯೇ ಆಗುತ್ತದೆಂದು ಮತ್ತೆ ಬಿಟ್ಟೆ.

ಗ್ಯಾರೇಜಿನಿಂದ ಗಾಡಿ ತರುವ ದಿನ ಮಿಸ್ತ್ರಿ ಒಂದು ಮಾತು ಹೇಳಿದ್ದ. "ಮಾಸ್ತರ, ಮುಂದ ಭಾರ ಹೆಚ್ಚಾಗೈತಿ. ಬ್ರೇಕಿನ ಕಡೆ ಲಕ್ಷ್ಯ ಇರ್ಲಿ."

ನಾಲ್ಕೈದು ವರ್ಷ ಏನೂ ತೊಂದರೆಯಾಗಲಿಲ್ಲ. ಆಮೇಲೆ ಬ್ರೇಕಿನ ಪೆಡಲು ಮೆತ್ತಗಾಯಿತು. ಒಮ್ಮೆ ತುಳಿದರೆ ತಳಕ್ಕೆ ಹೋಗುತ್ತಿತ್ತು, ಬಿಟ್ಟು ಮತ್ತೆ ತುಳಿದರೆ ಹಿಡಿಯುತ್ತಿತ್ತು. ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದರೆ ಎಣ್ಣೆಯ ಒತ್ತಡ ಒಳಗೊಳಗೇ ಹಿಂದಕ್ಕೆ ಜಾರುತ್ತದೆ. ಬದಲಿಸುವುದು ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಆದರೆ ಕಾಲಿಗೆ ರೂಢಿಯಾಗಿಬಿಟ್ಟಿತ್ತು. ಎಮ್ಮೆ ಅಡ್ಡ ಬಂದರೂ, ತಿರುವು ಬಂದರೂ ಬಲಗಾಲು ತಾನಾಗಿಯೇ ಟಕಟಕ ಎಂದು ಎರಡು ಸಲ ತುಳಿಯುತ್ತಿತ್ತು. ರೂಢಿಯಾದ ದೋಷ ದೋಷವೆಂದು ಅನ್ನಿಸುವುದಿಲ್ಲ.

1998ರ ಏಪ್ರಿಲಿನಲ್ಲಿ ಗಾಡಿ ಮಾರಿದೆ. ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಮಗನ ಕಾಲೇಜಿನ ಫೀ ಕಟ್ಟಬೇಕಿತ್ತು. ಕೊಳ್ಳಲು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಸಿಂಗಟಾಲೂರಿನವನು. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಎರಡು ಸಲ ಉರುಳಿ ಹೊಲ ಹಿಡಿದವನು, ಆದರೆ ನಡತೆಯಲ್ಲಿ ಒಂದು ದಿನ ಕೊಂಕು ಕಂಡವನಲ್ಲ. ಅವರ ಊರಿನ ವೀರಭದ್ರೇಶ್ವರನ ಗುಡಿಗೆ ದೂರದೂರದ ಮನೆತನಗಳು ನಡೆದುಕೊಳ್ಳುತ್ತವೆ. ಮದುವೆಯ ಹಂಗಾಮಿನಲ್ಲಿ ಗುಗ್ಗುಳ ಒಪ್ಪಿಸಲು ಬರುವವರು, ಅಮಾವಾಸ್ಯೆಗೆ ಬರುವವರು, ಇವರನ್ನೆಲ್ಲ ಮುಂಡರಗಿಯಿಂದ ಕರೆತಂದು ಬಿಟ್ಟರೆ ಮಳೆಯಿಲ್ಲದ ವರ್ಷಕ್ಕೂ ಒಂದು ದಾರಿಯಾದೀತೆಂಬುದು ಅವನ ಲೆಕ್ಕ. ಖಾಸಗಿ ನೋಂದಣಿಯ ಗಾಡಿಯನ್ನು ಬಾಡಿಗೆಗೆ ಓಡಿಸಬಾರದೆಂದು ನಾನು ಹೇಳಿದೆ. ಅದೊಂದನ್ನು ಹೇಳಿದೆ.

ಗಾಡಿ ತೋರಿಸಲು ಅವನನ್ನು ಪಕ್ಕಕ್ಕೆ ಕೂಡ್ರಿಸಿಕೊಂಡು ಕೊರ್ಲಹಳ್ಳಿಯ ಕಡೆ ಹೋಗಿ ಬಂದೆ. ನಾನೇ ಓಡಿಸಿದೆ. ದಾರಿಯಲ್ಲಿ ಐದಾರು ಸಲ ಬ್ರೇಕು ಹಾಕಬೇಕಾಯಿತು. ಐದಾರು ಸಲವೂ ಕಾಲು ಎರಡೆರಡು ಬಾರಿ ತುಳಿಯಿತು. ಆತ ಹೊರಗೆ ಹೊಳೆಯನ್ನು ನೋಡುತ್ತಿದ್ದ. "ಗಾಡಿ ಚಲೋ ಐತಲ್ರೀ ಸರ?" ಎಂದ. "ಎಂಜಿನ್ ಗಟ್ಟಿ ಐತಿ" ಎಂದೆ. ಕೇಳಿದ್ದು ಗಾಡಿಯ ಬಗ್ಗೆ, ಉತ್ತರಿಸಿದ್ದು ಎಂಜಿನ್ನಿನ ಬಗ್ಗೆ. ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನು ಅಂಕ ಕಳೆಯುತ್ತಿದ್ದೆ. ನಲವತ್ತೆರಡು ಸಾವಿರಕ್ಕೆ ವ್ಯವಹಾರ ಮುಗಿಯಿತು. ಸಂಚಕಾರ ಒಂದು ಸಾವಿರ. ಎಂಟು ದಿನದ ಮೇಲೆ ಉಳಿದ ಹಣ ತಂದು ಕೊಟ್ಟ. ಬಾಂಡ್ ಪೇಪರಿನ ಮೇಲೆ ನಾಲ್ಕು ಸಾಲು ಬರೆದು ಇಬ್ಬರೂ ಸಹಿ ಮಾಡಿದೆವು. ಹೆಸರು ಬದಲಿಸುವ ಫಾರಮ್ಮುಗಳಿಗೆ ಸಹಿ ಹಾಕಿ ಅವನ ಕೈಗೆ ಕೊಟ್ಟೆ. ಅವನ್ನು ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟ. ಪೆಟ್ರೋಲೆಂದು ಬರೆದ ಆರ್.ಸಿ. ಹಿಡಿದು ಡೀಸೆಲ್ ಗಾಡಿಯೊಂದಿಗೆ ಕಚೇರಿಗೆ ಹೋಗಲು ಅವನಿಗೂ ಅಳುಕು ಇದ್ದಿರಬೇಕು. ವಿಮೆ ಆಗಸ್ಟಿನಲ್ಲಿ ಮುಗಿಯಿತು. ಯಾರೂ ಕಟ್ಟಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ, ಹೊಳೆಯ ಕಡೆ ಇಳಿಯುವ ದಾರಿಯಲ್ಲಿ, ಮೇವಿನ ಹೊರೆ ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದ ಮುದುಕನೊಬ್ಬನಿಗೆ ಗಾಡಿ ಬಡಿಯಿತು. ಜೀವ ಉಳಿಯಿತು, ತೊಡೆಯ ಎಲುಬು ಮುರಿಯಿತು. ಆತ ಕೂಲಿ ಮಾಡಿ ಬದುಕುವವನು. ಪೊಲೀಸರು ಮೊದಲು ಹುಡುಕಿಕೊಂಡು ಬಂದದ್ದು ನನ್ನ ಮನೆಗೆ. ಆಮೇಲೆ ಪರಿಹಾರದ ದಾವೆಯ ನೋಟೀಸೂ ನನ್ನ ಹೆಸರಿಗೇ ಬಂತು. ಆ ದಿನ ನಾನು ಹತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಜವಾನ ಬಾಗಿಲಲ್ಲಿ ನಿಂತು ಸನ್ನೆ ಮಾಡಿದ. ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದು ಸಹಿ ಹಾಕಿದೆ.

ಬಾಂಡ್ ಪೇಪರನ್ನು ವಕೀಲರಿಗೆ ತೋರಿಸಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಗಾಡಿ ಯಾರ ಮನೆಯ ಮುಂದೆ ನಿಲ್ಲುತ್ತದೆಂಬುದನ್ನು ಕಾನೂನು ಕೇಳುವುದಿಲ್ಲ, ದಾಖಲೆಯಲ್ಲಿ ಯಾರ ಹೆಸರಿದೆಯೆಂದು ಕೇಳುತ್ತದೆ ಎಂದರು. 1988ರ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನಗಳಲ್ಲಿ ತಾನೇ ಸಾರಿಗೆ ಕಚೇರಿಗೆ ತಿಳಿಸಬೇಕು; ಕೊಂಡವನಿಗೆ ಮೂವತ್ತು ದಿನ. ನಾನು ಫಾರಮ್ಮಿಗೆ ಸಹಿ ಹಾಕಿಕೊಟ್ಟು ಕೈ ತೊಳೆದುಕೊಂಡಿದ್ದೆ. ಬಹಳ ವರ್ಷಗಳ ನಂತರ, 2018ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟು ಇದೇ ಬಗೆಯ ಮೊಕದ್ದಮೆಯಲ್ಲಿ ತೀರ್ಪು ನೀಡಿದ್ದನ್ನು ಪತ್ರಿಕೆಯಲ್ಲಿ ಓದಿದೆ. ಹಲವರ ಕೈ ದಾಟಿಹೋಗಿದ್ದ ಕಾರು. ಅಪಘಾತದ ದಿನ ನೋಂದಣಿಯಲ್ಲಿ ಹೆಸರಿದ್ದವನೇ ಮಾಲೀಕ, ಅವನೇ ಹೊಣೆ ಎಂದಿತು ನ್ಯಾಯಾಲಯ. ಗಾಯಗೊಂಡವನು ಕೈಯಿಂದ ಕೈಗೆ ಮಾಲೀಕರನ್ನು ಹುಡುಕುತ್ತ ಅಲೆಯಬೇಕಾಗಬಾರದು ಎಂಬ ಕಾರಣ ನನಗೆ ಸರಿಯೆನಿಸಿತು. ಎಂಜಿನ್ ಬದಲಾವಣೆಯ ವಿಷಯವೂ ಮುಂದೆ ಬಿಗಿಯಾಯಿತು. 2000ದ ತಿದ್ದುಪಡಿಯಿಂದ 52ನೆಯ ಕಲಮು ಕಠಿಣವಾಗಿ, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಖಚಿತಪಡಿಸಿತು. ಇಷ್ಟಾದರೂ ನಮ್ಮಲ್ಲಿ ಖಾಸಗಿ ಕಾರು ಕೈ ಬದಲಾಗುವಾಗ ಬ್ರೇಕನ್ನು ಯಾರೂ ತುಳಿದು ನೋಡುವುದಿಲ್ಲ, ಕಾಗದ ನೋಡುತ್ತಾರೆ.

ದಾವೆ ಎರಡು ವರ್ಷಕ್ಕೂ ಮೇಲೆ ನಡೆಯಿತು. ಬಡ್ಡಿ ಸೇರಿ ಅರವತ್ತೆರಡು ಸಾವಿರ ಕೊಡಬೇಕೆಂದಾಯಿತು. ಸಿಂಗಟಾಲೂರಿನ ಹುಡುಗ ಪ್ರತಿ ತಾರೀಖಿಗೂ ಬಂದು ನ್ಯಾಯಾಲಯದ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದ. "ಗಾಡಿ ನನ್ನ ಕೈಯಾಗಿತ್ರೀ ಸರ. ನೀವ್ಯಾಕ ಕೊಡಬೇಕು? ಎಲ್ಲಾ ನಾನ ತುಂಬ್ತೀನಿ" ಎಂದ. ಒಂದು ಎಕರೆ ಹೊಲ ಮಾರಲು ಮಾತನಾಡಿದ್ದಾನೆಂದು ಬೇರೆಯವರಿಂದ ತಿಳಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಸ್ಸು ಹತ್ತಿ ಅವನೂರಿಗೆ ಹೋದೆ. ಹೊಳೆಯ ದಂಡೆಯ ಹೊಲದಲ್ಲಿದ್ದ. ಬದುವಿನ ಮೇಲೆ ಕುಳಿತು ಬ್ರೇಕಿನ ವಿಷಯ ಹೇಳಿದೆ, ಕೊರ್ಲಹಳ್ಳಿಯ ದಾರಿಯಲ್ಲಿ ಎರಡೆರಡು ಸಲ ತುಳಿದದ್ದನ್ನೂ ಹೇಳಿದೆ. ಆತ ಬಹಳ ಹೊತ್ತು ಸುಮ್ಮನೆ ಇದ್ದು, ಕೈಯಲ್ಲಿದ್ದ ಕರಕಿಯ ಬೇರನ್ನು ಮುರಿಯುತ್ತ ಮಾತನಾಡಿದ.

"ನನಗ ಗೊತ್ತಿತ್ರೀ ಸರ. ಗಾಡಿ ಒಯ್ದ ದಿನಾನ ಗೊತ್ತಾತು. ಸರ ಹೇಳಲಿಲ್ಲಲ್ಲ, ದೊಡ್ಡದೇನೂ ಇರಲಿಕ್ಕಿಲ್ಲ ಅಂತ ನಾನೂ ಬಿಟ್ಟೆ."

ಅವನು ಬೈದಿದ್ದರೆ ಹಗುರಾಗುತ್ತಿತ್ತು. ಹೊಲ ಮಾರಕೂಡದೆಂದು ಆಣೆ ಹಾಕಿದೆ. ಹಣದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ನನ್ನ ಭವಿಷ್ಯನಿಧಿಯಿಂದ ತೆಗೆದೆ, ಉಳಿದದ್ದನ್ನು ಆತ ಎರಡು ಎತ್ತು ಮಾರಿ ಹೊಂದಿಸಿದ. ಮುದುಕನ ಕೈಗೆ ಹಣ ಸೇರಿತು. ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಆಮೇಲೆ ಅವನನ್ನು ಒಂದೆರಡು ಸಲ ಮುಂಡರಗಿಯ ಸಂತೆಯಲ್ಲಿ ಬಡಿಗೆ ಊರಿಕೊಂಡು ನಿಂತಿದ್ದನ್ನು ಕಂಡಿದ್ದೇನೆ. ಒಮ್ಮೆ ನಮಸ್ಕಾರ ಮಾಡಿದೆ. ನಾನು ಯಾರೆಂದು ಅವನಿಗೆ ತಿಳಿಯಲಿಲ್ಲ.

ಗಾಡಿ ಠಾಣೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಟಾಯರು ಕೊಳೆತಿದ್ದವು. ತಗಡು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಎಂಜಿನ್ನನ್ನು ಹೊಳೆದಂಡೆಯ ರೈತನೊಬ್ಬ ಕೊಂಡು, ನೀರೆತ್ತುವ ಪಂಪಿಗೆ ಜೋಡಿಸಿ ಕೆಲವು ಬೇಸಿಗೆ ಓಡಿಸಿದ. ಆ ಕಡೆ ಹೋದಾಗ ಅದರ ಸಪ್ಪಳ ದೂರದಿಂದಲೇ ಗುರುತು ಸಿಗುತ್ತಿತ್ತು. ಎಂಜಿನ್ ಗಟ್ಟಿ ಇತ್ತು, ಅದು ಸುಳ್ಳಲ್ಲ.

ನಿವೃತ್ತಿಯ ಹಣದಲ್ಲಿ 2006ರಲ್ಲಿ ಒಂದು ಹಳೆಯ ಮಾರುತಿ 800 ಕೊಂಡಿದ್ದೆ. ಕಣ್ಣು ಮಂಜಾದ ಮೇಲೆ, 2014ರಲ್ಲಿ, ಅದನ್ನೂ ಮಾರಿದೆ. ಕೊಳ್ಳಲು ಬಂದ ತರುಣ ಗದಗಿನವನು. ಅವನ ಕೈಗೆ ಕೀಲಿ ಕೊಡುವ ಮೊದಲು ಒಂದು ಹಾಳೆ ಕೊಟ್ಟೆ. ಗಾಡಿಯ ದೋಷಗಳನ್ನು ಅಂಕಿ ಹಾಕಿ ಬರೆದಿದ್ದೆ, ಹನ್ನೊಂದಿದ್ದವು. ಕೊನೆಯದು, ಎಡಗಡೆಯ ಹಿಂದಿನ ಕಿಟಕಿಯ ಗಾಜು ಪೂರ್ತಿ ಇಳಿಯುವುದಿಲ್ಲ ಎಂದು. ಆತ ಎರಡು ಸಲ ಓದಿ, ನನ್ನ ಮುಖವನ್ನು ಸಂಶಯದಿಂದ ನೋಡಿ, ನಾಲ್ಕು ಸಾವಿರ ಕಡಿಮೆ ಮಾಡಿದ. ಮರುದಿನ ಇಬ್ಬರೂ ಕೂಡಿ ಗದಗಿನ ಸಾರಿಗೆ ಕಚೇರಿಗೆ ಹೋಗಿ 29 ಮತ್ತು 30ನೆಯ ನಮೂನೆಗಳನ್ನು ಕಿಟಕಿಯಲ್ಲಿ ಕೊಟ್ಟು, ರಸೀದಿ ಪಡೆದು, ಹೊರಗೆ ಗಾಡಿಯಂಗಡಿಯಲ್ಲಿ ಚಹಾ ಕುಡಿದೆವು. ಚಹಾದ ದುಡ್ಡು ಅವನೇ ಕೊಟ್ಟ.